ಕುಂಬಾರನ ಅಂಕಿತ: ಮಧ್ಯಯುಗದ ಇಸ್ಲಾಮಿ ಪಾತ್ರೆಗಳ ಮೇಲಿನ ಸಹಿಗಳನ್ನು ಓದುವುದು ಹೇಗೆ?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ 9ನೇ ಶತಮಾನದ ಒಂದು ಚಿಕ್ಕ ಮಣ್ಣಿನ ತಟ್ಟೆ ಇದೆ. ಊಟದ ಜೊತೆ ನಂಜಿಕೊಳ್ಳುವ ಪದಾರ್ಥಗಳನ್ನು ಇಡಲು ಮಾಡಿದ್ದು. ಅಚ್ಚಿಗೆ ಒತ್ತಿ ತೆಗೆದ ಉಬ್ಬು ಚಿತ್ತಾರ, ಅದರ ಮೇಲೆ ಸೀಸ ಬೆರೆತ ಗಾಜಿನ ಮೆರುಗು. ಅರಬ್ಬಿಯಲ್ಲಿರುವ ಬರಹ ಹೇಳುವುದಿಷ್ಟು: ಇದು ಅಬು ನಸ್ರ್ ಅಲ್-ಬಸ್ರಿಯ ಕೆಲಸ, ಮಿಸ್ರ್‌ನಲ್ಲಿ ಮಾಡಿದ್ದು. ಬಸ್ರಾ ಇರುವುದು ಇರಾಕಿನ ದಕ್ಷಿಣ ತುದಿಯಲ್ಲಿ, ಮಿಸ್ರ್ ಎಂದರೆ ಈಜಿಪ್ಟ್. ಸುಲ್ತಾನರ, ಸೇನಾಪತಿಗಳ ಚರಿತ್ರೆ ಬರೆದವರು ಕುಂಬಾರರನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ತೀರಾ ಅಪರೂಪ. ಹೀಗಿರುವಾಗ ಒಬ್ಬ ಕುಶಲಕರ್ಮಿಯ ಹೆಸರು, ಹುಟ್ಟೂರು, ದುಡಿದ ನೆಲ ಮೂರೂ ಒಂದೇ ಅಂಗೈಯಗಲದ ಮಣ್ಣಿನ ಮೇಲೆ ಉಳಿದಿರುವುದು ದೊಡ್ಡ ಸಂಗತಿ. ಇಂಥ ಸಹಿಗಳು ಇಲ್ಲದಿದ್ದರೆ ಆ ಕಾಲದ ಕುಂಬಾರರಲ್ಲಿ ಒಬ್ಬರ ಹೆಸರೂ ನಮಗೆ ತಿಳಿಯುತ್ತಿರಲಿಲ್ಲವೇನೋ.

ಆದರೂ ಆ ತಟ್ಟೆಯ ಮಣ್ಣನ್ನು ಅಬು ನಸ್ರ್ ತನ್ನ ಕೈಯಾರೆ ಮುಟ್ಟಿದ್ದನೇ? ಖಂಡಿತವಾಗಿ ಹೇಳಲಾಗದು. ಅಚ್ಚಿನಲ್ಲಿ ಒಮ್ಮೆ ಹೆಸರು ಕೆತ್ತಿಬಿಟ್ಟರೆ ಅದರಿಂದ ತೆಗೆದ ಪ್ರತಿಯೊಂದು ತಟ್ಟೆಯಲ್ಲೂ ಆ ಹೆಸರು ಮೂಡುತ್ತದೆ, ಮಣ್ಣು ಒತ್ತಿದವನು ಯಾರೇ ಆಗಿರಲಿ. ಅಬು ನಸ್ರ್ ಅಚ್ಚು ಕೆತ್ತಿದವನಿರಬಹುದು, ಕಾರ್ಖಾನೆಯ ಯಜಮಾನನಿರಬಹುದು, ಎರಡೂ ಅವನೇ ಇರಬಹುದು. ಸಹಿ ಎಂದ ಕೂಡಲೇ ನಮ್ಮ ಮನಸ್ಸು ಒಬ್ಬ ವ್ಯಕ್ತಿ, ಒಂದು ಕೈ, ಒಂದು ಕೃತಿ ಎಂದು ಲೆಕ್ಕ ಹಾಕಿಬಿಡುತ್ತದೆ. ಇಸ್ಲಾಮಿ ಪ್ರಪಂಚದ ಪಾತ್ರೆಗಳ ಮುಂದೆ ಈ ಲೆಕ್ಕ ನಿಲ್ಲುವುದಿಲ್ಲ. ಅಲ್ಲಿ ಸಹಿಯನ್ನು ಓದುವಾಗ ಕೇಳಬೇಕಾದ ಪ್ರಶ್ನೆ, ಇಷ್ಟೊಂದು ಕೆಲಸಗಳಲ್ಲಿ ಈ ಹೆಸರಿನವನು ಯಾವ ಕೆಲಸವನ್ನು ತನ್ನದೆಂದು ಹೇಳಿಕೊಳ್ಳುತ್ತಿದ್ದಾನೆ ಎಂಬುದು.

ಹೆಸರು ಯಾವ ಹಂತದಲ್ಲಿ ಬಿತ್ತು?

ಮೆರುಗಿನ ಪಾತ್ರೆ ಒಬ್ಬರ ಕೈಯಲ್ಲಿ ಹುಟ್ಟಿ ಮುಗಿಯುವಂಥದ್ದಲ್ಲ. ಮಣ್ಣು ಹದ ಮಾಡುವುದು, ತಿಗರಿಯ ಮೇಲೆ ಎತ್ತುವುದು ಅಥವಾ ಅಚ್ಚಿಗೆ ಒತ್ತುವುದು, ಒಣಗಿಸುವುದು, ಬಣ್ಣ ಅರೆಯುವುದು, ಚಿತ್ರ ಬರೆಯುವುದು, ಮೆರುಗು ಹಚ್ಚುವುದು, ಆವಿಗೆಗೆ ಜೋಡಿಸಿ ಬೆಂಕಿ ನೋಡಿಕೊಳ್ಳುವುದು, ಇವೆಲ್ಲ ಬೇರೆ ಬೇರೆ ಪರಿಣತಿಗಳು. ಹೆಸರು ಎಲ್ಲಿ, ಯಾವುದರಿಂದ ಮೂಡಿದೆ ಎಂದು ನೋಡಿದರೆ ಅದು ಯಾವ ಹಂತದ್ದೆಂದು ಊಹಿಸಬಹುದು. ಹಸಿಮಣ್ಣಿನಲ್ಲಿ ಗೀರಿದ ಹೆಸರು ಪಾತ್ರೆ ಎತ್ತಿದ ಜಾಗಕ್ಕೆ ಹತ್ತಿರ. ಅಚ್ಚಿನಿಂದ ಬಂದ ಹೆಸರು ಅಚ್ಚು ಕೆತ್ತಿದ ಜಾಗಕ್ಕೆ ಹತ್ತಿರ. ಕುಂಚದಿಂದ ಬರೆದು ಮೇಲೆ ಪಾರದರ್ಶಕ ಮೆರುಗು ಹಚ್ಚಿದ್ದರೆ ಅದು ಚಿತ್ರಕಾರನ ಹಂತ.

ಲಸ್ಟರ್ ಎಂಬ ಲೋಹದ ಹೊಳಪಿನ ಪಾತ್ರೆಗಳಲ್ಲಿ ಈ ವಿಂಗಡಣೆ ಇನ್ನೂ ಸ್ಪಷ್ಟ. ಮೊದಲು ಪಾತ್ರೆಯನ್ನು ಸುಟ್ಟು, ಮೆರುಗು ಕೂಡ ಹಿಡಿಸಿ ಪೂರ್ತಿ ತಯಾರು ಮಾಡಿಕೊಳ್ಳುತ್ತಾರೆ. ಆಮೇಲೆ ಬೆಳ್ಳಿ ಮತ್ತು ತಾಮ್ರದ ಸಂಯುಕ್ತಗಳನ್ನು ಅರೆದ ಬಣ್ಣದಿಂದ ಅದರ ಮೇಲೆ ಚಿತ್ರ ಬರೆದು, ಗಾಳಿಯಾಡದೆ ಹೊಗೆ ತುಂಬಿದ ಆವಿಗೆಯಲ್ಲಿ ಕಡಿಮೆ ಶಾಖಕ್ಕೆ ಮತ್ತೊಮ್ಮೆ ಇಡುತ್ತಾರೆ. ಹೊಗೆ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ, ಲೋಹ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮೆರುಗಿನ ಮೇಲ್ಪದರದಲ್ಲೇ ಉಳಿಯುತ್ತದೆ. ಆರಿದ ಮೇಲೆ ಮಸಿ ಒರೆಸಿದರೆ ಕೆಳಗಿನಿಂದ ಚಿನ್ನದಂಥ, ತಾಮ್ರದಂಥ ಹೊಳಪು ಏಳುತ್ತದೆ. ಬೆಂಕಿ ಸ್ವಲ್ಪ ಹೆಚ್ಚಾದರೂ, ಹೊಗೆ ಸ್ವಲ್ಪ ಕಡಿಮೆಯಾದರೂ ಎಲ್ಲ ಹಾಳು. ಮಣ್ಣಿನ ಮೇಲೆ ಈ ವಿದ್ಯೆ ಮೊದಲು ಕಾಣಿಸಿಕೊಂಡದ್ದು 9ನೇ ಶತಮಾನದ ಇರಾಕಿನಲ್ಲಿ. ಲಸ್ಟರಿನಲ್ಲೇ ಬರೆದ ಸಹಿ ಇದ್ದರೆ ಅದು ಬಿದ್ದದ್ದು ಪಾತ್ರೆ ಎತ್ತುವ ಕೆಲಸ ಮುಗಿದು ಎಷ್ಟೋ ದಿನಗಳಾದ ಮೇಲೆ. ತಿಗರಿಯ ಮುಂದೆ ಕೂತವನ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

ಸಹಿಯ ಮಾತುಗಳಲ್ಲಿ ಒಂದಷ್ಟು ಸಿದ್ಧ ಮಾದರಿಗಳಿವೆ. ಅತ್ಯಂತ ಸಾಮಾನ್ಯವಾದದ್ದು ‘ಅಮಲ್’, ಅಂದರೆ ಇಂಥವನ ಕೆಲಸ. ಕೆಲವೆಡೆ ‘ಕತಬ’, ಅಂದರೆ ಬರೆದ. ಇನ್ನು ಕೆಲವೆಡೆ ಬರೀ ಹೆಸರು. ಹೆಸರಿನ ಪಕ್ಕದಲ್ಲಿ ಪಾತ್ರೆಯ ಒಡೆಯನಿಗೆ ಹಾರೈಕೆ ಇರುವುದುಂಟು. ಒಡೆಯ ಯಾರೆಂದು ಬರೆಯುವುದಿಲ್ಲ, ಕೊಂಡವನೇ ಒಡೆಯ. ಹಾಗಾಗಿ ಸಂತೆಯಲ್ಲಿ ಮಾರಾಟವಾಗುವ ಪಾತ್ರೆಯಲ್ಲಿ ಕೊಳ್ಳುವವನು ಅನಾಮಿಕ, ಮಾಡಿದವನಿಗೆ ಹೆಸರುಂಟು. 14ನೇ ಶತಮಾನದ ಮಮ್ಲೂಕ್ ಈಜಿಪ್ಟಿನಲ್ಲಿ ಕೆಂಪುಮಣ್ಣಿನ ಮೇಲೆ ಬಿಳಿ ಲೇಪ ಬಳಿದು, ಅದನ್ನು ಗೀರಿ ಅಮೀರರ ಬಿರುದು, ಲಾಂಛನಗಳನ್ನು ಮೂಡಿಸುತ್ತಿದ್ದ ಶರಫ್ ಅಲ್-ಅಬವಾನಿ ತನ್ನನ್ನು ದೇವರ ಬಡ ಸೇವಕ ಎಂದು ಕರೆದುಕೊಂಡು ಸಹಿ ಹಾಕಿದ್ದಾನೆ. ವಿನಯ ಆಗಿನ ಶಿಷ್ಟಾಚಾರ, ಆದರೆ ಅಮೀರನ ಬಿರುದುಗಳ ಸಾಲಿನ ಜೊತೆಗೇ ತನ್ನ ಹೆಸರನ್ನು ಸೇರಿಸಿದ್ದು ವಿನಯವಷ್ಟೇ ಆಗಿರಲಾರದು.

ಓದುವುದರಲ್ಲೇ ತೊಡಕು ಬರುವುದೂ ಇದೆ. 9ನೇ ಶತಮಾನದಲ್ಲಿ ಚೀನಾದಿಂದ ಹಡಗಿನಲ್ಲಿ ಬರುತ್ತಿದ್ದ ಬಿಳಿ ಪಾತ್ರೆಗಳನ್ನು ನೋಡಿ ಬಸ್ರಾದ ಕುಂಬಾರರು ತವರ ಬೆರೆಸಿದ ಬಿಳಿ ಮೆರುಗನ್ನು ಕಂಡುಕೊಂಡರು, ಅದರ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಒಂದೆರಡು ಸಾಲು ಬರೆದರು. ನೀಲಿ ಬಣ್ಣ ಬಿಳಿ ಮೆರುಗಿನಲ್ಲಿ ಇಂಗಿ ಹರಡುತ್ತದೆ. ಆ ಕಾಲದ ಕೂಫಿ ಲಿಪಿಯಲ್ಲಿ ಅಕ್ಷರಗಳ ಚುಕ್ಕೆಗಳನ್ನು ಹಾಕುವ ರೂಢಿಯಿಲ್ಲ, ಸ್ವರಚಿಹ್ನೆಯಂತೂ ಇಲ್ಲವೇ ಇಲ್ಲ. ಹೀಗಾಗಿ ಕೆಲವು ಬಟ್ಟಲುಗಳ ಬರಹವನ್ನು ‘ಸಾಲಿಹ್ ಮಾಡಿದ್ದು’ ಎಂದೂ ಓದಬಹುದು, ‘ಮಾಡಿದ್ದು ಒಳ್ಳೆಯದಾಯಿತು’ ಎಂದೂ ಓದಬಹುದು. ಸಾಲಿಹ್ ಎಂಬ ಕುಂಬಾರ ನಿಜವಾಗಿ ಇದ್ದನೇ, ಅಥವಾ ಒಂದು ಶುಭವಾಕ್ಯವನ್ನು ನಾವು ಮನುಷ್ಯನನ್ನಾಗಿ ಮಾಡಿಕೊಂಡೆವೇ ಎಂಬುದು ಅಷ್ಟು ಸಣ್ಣ ವ್ಯತ್ಯಾಸದ ಮೇಲೆ ನಿಂತಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಇದೇ ಬಗೆಯ ಬಟ್ಟಲಿನ ನಡುವೆ ‘ಸಂತೋಷ’ ಎಂಬ ಒಂದೇ ಮಾತಿದೆ, ಹೆಸರಿಲ್ಲ.

ಎಲ್ಲ ಸಹಿಗಳೂ ಇಷ್ಟು ಕಾಡುವುದಿಲ್ಲ. ಜೋರ್ಡಾನಿನ ಜೆರಾಶ್ ಊರಿನಲ್ಲಿ 8ನೇ ಶತಮಾನದಷ್ಟು ಹಿಂದೆಯೇ ಅಚ್ಚಿನ ಎಣ್ಣೆದೀಪಗಳ ಮೇಲೆ ಮಾಡಿದವನ ಹೆಸರು, ಊರು, ಇಸವಿ ಬರೆಯುತ್ತಿದ್ದರು. ಇರಾಕಿನ ಹೀರಾದಲ್ಲಿ ತಯಾರಾದ ಒಂದು ಹೂಜಿಯ ಬರಹ ಅದು ಇಬ್ರಾಹಿಂ ಎಂಬ ಕ್ರೈಸ್ತನ ಕೆಲಸವೆಂದೂ, ಖಲೀಫನ ಮಗ ಅಮೀರ್ ಸುಲೈಮಾನನಿಗಾಗಿ ಮಾಡಿದ್ದೆಂದೂ ನೇರವಾಗಿ ಹೇಳುತ್ತದೆ. ‘ಇಸ್ಲಾಮಿ ಪಾತ್ರೆ’ ಎಂದು ನಾವು ಹಾಕುವ ಹಣೆಪಟ್ಟಿ ಆ ನಾಡುಗಳ ಆಳ್ವಿಕೆಗೆ, ಬರಹಕ್ಕೆ, ಅಭಿರುಚಿಗೆ ಸಂಬಂಧಿಸಿದ್ದು, ಕುಂಬಾರನ ಮತವನ್ನು ಅದು ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಚಿಕ್ಕ, ಚೊಕ್ಕ ಸಾಕ್ಷಿ ಬೇಕಿಲ್ಲ.

ಕೈರೋದ ಇಬ್ಬರು: ಮುಸ್ಲಿಂ ಮತ್ತು ಸಅದ್

10ನೇ ಶತಮಾನದ ಕೊನೆಯ ಭಾಗದಲ್ಲಿ ಲಸ್ಟರ್ ವಿದ್ಯೆ ಇರಾಕಿನಿಂದ ಈಜಿಪ್ಟಿಗೆ ಬಂತು. ಬೋಕಿಗಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಮಣ್ಣಿನ ಖನಿಜಗಳನ್ನು ನೋಡುವವರು ಬಸ್ರಾದ ಮಣ್ಣು ನಿಂತು ಈಜಿಪ್ಟಿನ ಮಣ್ಣು ಶುರುವಾಗುವುದನ್ನು ಗುರುತಿಸಿದ್ದಾರೆ. ಫಾತಿಮಿ ಖಲೀಫರು ಕೈರೋ ನಗರವನ್ನು ಕಟ್ಟಿ ಸಿರಿಯಲ್ಲಿದ್ದ ಕಾಲ ಅದು. ಗುಟ್ಟು ಬಲ್ಲ ಕುಶಲಕರ್ಮಿಗಳು ಕೊಳ್ಳುವವರಿದ್ದಲ್ಲಿಗೆ ವಲಸೆ ಹೋದರೆಂಬ ವಿವರಣೆಯನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಈ ಕಾಲದ ದೊಡ್ಡ ಹೆಸರು ಮುಸ್ಲಿಂ ಇಬ್ನ್ ಅಲ್-ದಹ್ಹಾನ್. ರೆಕ್ಕೆ ಹರಡಿದ ಹದ್ದಿನ ಚಿತ್ರವಿರುವ ಅವನ ಸಹಿಯ ಬಟ್ಟಲು ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅವನ ಕಾಲ ನಮಗೆ ತಿಳಿದದ್ದು ಮಾತ್ರ ಅಥೆನ್ಸಿನ ಬೆನಾಕಿ ಮ್ಯೂಸಿಯಮ್ಮಿನಲ್ಲಿರುವ ಒಂದು ಒಡೆದ ತಟ್ಟೆಯ ಚೂರಿನಿಂದ. ಅದರಲ್ಲಿ ಅವನ ಪೂರ್ತಿ ಹೆಸರಿನ ಜೊತೆಗೆ ತಟ್ಟೆ ಯಾರಿಗಾಗಿ ತಯಾರಾಯಿತೋ ಆ ಆಸ್ಥಾನಿಕನ ಹೆಸರೂ ಇದೆ, ಅವನ ಹೆಸರಿನ ಕೊನೆಗೆ ‘ಅಲ್-ಹಾಕಿಮಿ’ ಎಂದಿದೆ. ಖಲೀಫ ಅಲ್-ಹಾಕಿಂ ಆಳಿದ್ದು 996ರಿಂದ 1021ರ ವರೆಗೆ. ಆ ಖಲೀಫನ ಸೇವೆಯಲ್ಲಿದ್ದವರು ಇಟ್ಟುಕೊಳ್ಳುತ್ತಿದ್ದ ಉಪನಾಮ ಅದು. ಹೀಗೆ ಒಂದು ಚೂರು ಒಬ್ಬ ಕುಂಬಾರನನ್ನು ಕಾಲದಲ್ಲಿ ಕೂರಿಸಿತು. ಅವನ ಜೊತೆಗೆ ಆ ಶೈಲಿಯ, ಸಹಿಯಿಲ್ಲದ ನೂರಾರು ತುಣುಕುಗಳಿಗೂ ಒಂದು ಕಾಲ ಸಿಕ್ಕಿತು. ಸಹಿಯ ನಿಜವಾದ ಉಪಯೋಗ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ: ಸಹಿ ಇರುವ ಒಂದು ಪಾತ್ರೆಯಿಂದ ಸಹಿ ಇಲ್ಲದ ಒಂದು ರಾಶಿಗೆ ಬೆಳಕು ಬೀಳುತ್ತದೆ.

ಮುಸ್ಲಿಮನ ಹೆಸರಿರುವ ಎಲ್ಲ ಪಾತ್ರೆಗಳನ್ನೂ ಒಟ್ಟಿಗೆ ನೋಡಿದಾಗ ಗೊಂದಲ ಶುರುವಾಗುತ್ತದೆ. ಕೆಲವು ದಿಟ್ಟ ಗೆರೆಯ ಪ್ರಾಣಿಚಿತ್ರಗಳು, ಕೆಲವು ಬರೀ ಎಲೆ-ಬಳ್ಳಿ, ಕೆಲವು ಅವಸರದ ಕೈಬರಹ. 11ನೇ ಶತಮಾನದ ಎರಡನೆಯ ಭಾಗದ ಸಅದ್ ಎಂಬ ಹೆಸರಿನದ್ದೂ ಇದೇ ಕಥೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅವನ ಹೆಸರಿನ ಪ್ರಸಿದ್ಧ ಬಟ್ಟಲಿದೆ. ಕಾಪ್ಟಿಕ್ ಕ್ರೈಸ್ತ ಪಾದ್ರಿಯೊಬ್ಬ ಧೂಪದ ಪಾತ್ರೆ ತೂಗುತ್ತ ನಿಂತಿರುವ ಚಿತ್ರ ಅದರ ಮೇಲೆ. ಅದೇ ಹೆಸರಿನ ಬೇರೆ ತುಣುಕುಗಳ ಕೈ ಬೇರೆಯೇ ಅನ್ನಿಸುತ್ತದೆ. ಇವರನ್ನು ಒಂಟಿ ಕಲಾವಿದರೆಂದು ನೋಡುವುದಕ್ಕಿಂತ, ಹಲವು ಚಿತ್ರಕಾರರನ್ನು ಇಟ್ಟುಕೊಂಡಿದ್ದ ಕಾರ್ಖಾನೆಗಳ ಯಜಮಾನರೆಂದು ನೋಡುವುದು ಈಗ ಹೆಚ್ಚು ಒಪ್ಪಿತವಾಗಿದೆ. ಹೋಟೆಲಿನ ಬೋರ್ಡಿನ ಮೇಲೆ ಭಟ್ಟರ ಹೆಸರಿರುತ್ತದೆ, ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವವರು ಬೇರೆಯವರಿರುತ್ತಾರೆ, ರುಚಿ ಮಾತ್ರ ಭಟ್ಟರ ಹೋಟೆಲಿನದೇ. ಸಅದ್‌ನ ಹೆಸರೂ ಹಾಗೆ ಒಂದು ಮನೆಯ ಗುಣಮಟ್ಟದ ಗುರುತಾಗಿದ್ದಿರಬೇಕು.

ಕಾಶಾನ್: ಕವಿಯೂ ಆಗಿದ್ದ ಕುಂಬಾರ

ಇರಾನಿನ ಕಾಶಾನ್ ಊರಿಗೆ ಬಂದರೆ ಸಹಿಯ ಕಥೆಯೇ ಬೇರೆಯಾಗುತ್ತದೆ. 12ನೇ ಶತಮಾನದ ಕೊನೆಯಿಂದ ಸುಮಾರು 1340ರ ವರೆಗೆ ಇರಾನಿನ ಲಸ್ಟರ್ ಪಾತ್ರೆ, ಟೈಲುಗಳ ಮುಖ್ಯ ಕೇಂದ್ರ ಅದು. ಇಸವಿ ಬರೆದಿರುವ ಇರಾನಿ ಲಸ್ಟರ್‌ಗಳಲ್ಲಿ ಅತ್ಯಂತ ಹಳೆಯದು 1179ರದ್ದು. ಇಲ್ಲಿ ಪಾತ್ರೆಯ ಒಡಲೂ ಮಣ್ಣಿನದಲ್ಲ. ಬೆಣಚುಕಲ್ಲಿನ ಪುಡಿಗೆ ಸ್ವಲ್ಪ ಗಾಜಿನ ಪುಡಿ, ಸ್ವಲ್ಪ ಬಿಳಿ ಜೇಡಿ ಸೇರಿಸಿದ ಹಿಟ್ಟು. ಅದರಿಂದ ಬೆಳ್ಳಗೆ, ತೆಳ್ಳಗೆ ಪಾತ್ರೆ ಎತ್ತಬಹುದು.

ಈ ಊರಿನ ಅಬು ಜೈದ್‌ನಷ್ಟು ಸಹಿ ಹಾಕಿದ ಕುಂಬಾರ ಮಧ್ಯಯುಗದ ಇರಾನಿನಲ್ಲಿ ಇನ್ನೊಬ್ಬನಿಲ್ಲ. ಅವನ ಇಸವಿ ಸಹಿತ ಪಾತ್ರೆಗಳು 1186ರಲ್ಲಿ ಶುರುವಾಗಿ 1219ರ ವರೆಗೆ ಸಿಗುತ್ತವೆ. 1186ರ ಬಟ್ಟಲು ಮೆಟ್ರೊಪಾಲಿಟನ್ನಿನಲ್ಲಿದೆ, 1187ರದ್ದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ಇವೆರಡೂ ಮೀನಾಯಿ ಬಗೆಯವು, ಅಂದರೆ ಮೆರುಗಿನ ಮೇಲೆ ಹಲವು ಬಣ್ಣಗಳಲ್ಲಿ ಪುಟ್ಟ ಪುಟ್ಟ ಚಿತ್ರ ಬರೆದು ಮತ್ತೆ ಸುಟ್ಟವು. ಮುಂದೆ ಅವನೇ ಲಸ್ಟರಿನಲ್ಲೂ ಬರೆದ. ಈ ಎರಡು ಬಗೆಗಳು ಬೇರೆ ಬೇರೆ ಊರಿನವೇ, ಬೇರೆ ಬೇರೆ ಜನರವೇ ಎಂಬ ಹಳೆಯ ಚರ್ಚೆಗೆ ಅವನ ಹೆಸರೇ ಉತ್ತರವಾಯಿತು: ಎರಡನ್ನೂ ಒಬ್ಬನೇ ಮಾಡುತ್ತಿದ್ದ.

ಅಬು ಜೈದ್‌ನ ಸಹಿಯನ್ನು ಹುಡುಕಲು ಪಾತ್ರೆಯನ್ನು ತಲೆಕೆಳಗು ಮಾಡಬೇಕಿಲ್ಲ. ಬಟ್ಟಲಿನ ಅಂಚಿನ ಸುತ್ತ ಓಡುವ ಪಾರಸಿ ಪ್ರೇಮಪದ್ಯಗಳ ಕೊನೆಯಲ್ಲಿ ಅವನು ತನ್ನ ಹೆಸರು ಹೇಳುತ್ತಾನೆ. ಇದನ್ನು ತಾನು ಬರೆದೆನೆಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ಪದ್ಯ ಕಟ್ಟಿದವನೂ ತಾನೇ, ಅದನ್ನು ಸ್ವಂತ ಕೈಬರಹದಲ್ಲಿ ಬರೆದವನೂ ತಾನೇ ಎಂದು ಹೇಳಿಕೊಂಡಿರುವುದುಂಟು. ಪದ್ಯದ ಸಾಲುಗಳು ಅಲಂಕಾರಕ್ಕೆ ಬರೆದ ಅಂದದ ಲಿಪಿಯಲ್ಲಿಲ್ಲ, ಸರಸರನೆ ಓಡುವ ಕೈಬರಹದಲ್ಲಿವೆ. ಹಾಗಾಗಿ ಅವನ ಬೇರೆ ಬೇರೆ ಪಾತ್ರೆಗಳ ಅಕ್ಷರದ ತಿರುವುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಸಾಧ್ಯ. ಇಲ್ಲಿ ಹೆಸರಿನ ಹಿಂದೆ ನಿಜಕ್ಕೂ ಒಂದು ಕೈ ಇದೆ, ಆ ಕೈ ಹಿಡಿದದ್ದು ಕುಂಚ. ತಿಗರಿಯ ಕೆಲಸ ಅವನದೆಂದು ಆ ಸಹಿಗಳು ಹೇಳುವುದಿಲ್ಲ.

ವಾಷಿಂಗ್ಟನ್ನಿನ ಫ್ರೀರ್ ಗ್ಯಾಲರಿಯಲ್ಲಿರುವ 1210ರ ಲಸ್ಟರ್ ತಟ್ಟೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಂಚು ಕಮಾನು ಕಮಾನಾಗಿ ಬಾಗಿದೆ. ಒಳಗೆ ಕುದುರೆಯ ಪಕ್ಕದಲ್ಲಿ ನಿದ್ದೆಹೋದ ತರುಣ, ಕೊಳ, ಮೀನುಗಳು, ನೀರಿನಲ್ಲಿ ಈಜುವ ಹೆಣ್ಣು. ಖುಸ್ರೋ-ಶೀರೀನ್ ಕಥೆಯ ದೃಶ್ಯವೇ, ಅನುಭಾವದ ಸಂಕೇತವೇ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಅದೇ ಅಚ್ಚಿನ ಬೇರೆ ತಟ್ಟೆಗಳೂ ಸಿಕ್ಕಿವೆ, ಅವುಗಳ ಮೇಲಿನ ಚಿತ್ರ ಬೇರೆ. ಅಂದರೆ ಆಕಾರ ಕಾರ್ಖಾನೆಯ ಸ್ವತ್ತು, ಎಷ್ಟು ಬೇಕಾದರೂ ತೆಗೆಯಬಹುದಾದದ್ದು. ಸಹಿ ಬಿದ್ದಿರುವುದು ಚಿತ್ರಕ್ಕೆ ಮತ್ತು ಬರಹಕ್ಕೆ. ಈ ತಟ್ಟೆಯ ಮೇಲೆ ಇರುವ ಹೆಸರು ಶಂಸುದ್ದೀನ್ ಅಲ್-ಹಸನಿ. ಅದನ್ನು ಬೇರೊಬ್ಬ ಕಲಾವಿದನೆಂದು ಭಾವಿಸಿದ ಕಾಲವೂ ಇತ್ತು. ಕೈಬರಹ, ಶೈಲಿಗಳನ್ನು ಹೋಲಿಸಿದ ಮೇಲೆ ಅದು ಅಬು ಜೈದ್‌ನದೇ ಗೌರವನಾಮ ಎಂಬ ಅಭಿಪ್ರಾಯ ಬಲಗೊಂಡಿತು. ಅಲ್-ಹಸನಿ ಎಂದರೆ ಪ್ರವಾದಿಯ ಮೊಮ್ಮಗ ಹಸನರ ವಂಶದವನು. ಪದ್ಯ ಕಟ್ಟಬಲ್ಲ, ಸೈಯದ್ ಮನೆತನದ ಓದುಬರಹ ಬಲ್ಲವನೊಬ್ಬ ಕುಂಬಾರಿಕೆಯ ಕಾರ್ಖಾನೆಯಲ್ಲಿ ಕೂತು ದುಡಿಯುತ್ತಿದ್ದ. ಕುಶಲಕರ್ಮಿ ಎಂದರೆ ಅನಕ್ಷರಸ್ಥ, ಸಮಾಜದ ಅಂಚಿನವನು ಎಂಬ ನಮ್ಮ ಕಲ್ಪನೆಯನ್ನು ಕಾಶಾನಿಗೆ ಹೊತ್ತೊಯ್ಯಬಾರದು.

ಕಾಶಾನಿನಲ್ಲಿ ಒಂದು ಕುಂಬಾರ ಮನೆತನದ ನಾಲ್ಕು ತಲೆಮಾರುಗಳ ಹೆಸರನ್ನು ಸಹಿಗಳಿಂದಲೇ ಜೋಡಿಸಬಹುದು: ಅಬು ತಾಹಿರ್, ಅವನ ಮಗ ಮುಹಮ್ಮದ್, ಮುಹಮ್ಮದನ ಮಗ ಅಲಿ, ಅಲಿಯ ಮಗ ಯೂಸುಫ್. ಮುಹಮ್ಮದ್ ಮತ್ತು ಅಬು ಜೈದ್ ಇಬ್ಬರ ಹೆಸರುಗಳೂ ಎರಡು ಪವಿತ್ರ ಕ್ಷೇತ್ರಗಳ ಟೈಲುಗಳಲ್ಲಿ ಸಿಗುತ್ತವೆ: 13ನೇ ಶತಮಾನದ ಮೊದಲ ವರ್ಷಗಳಲ್ಲಿ ಕುಮ್‌ನ ಫಾತಿಮಾ ಮಾಸೂಮಾ ಸಮಾಧಿ, 1215ರಲ್ಲಿ ಮಶ್ಹದಿನ ಇಮಾಂ ರಜಾ ಸಮಾಧಿ. ಕಾರ್ಖಾನೆ, ಆವಿಗೆ, ಟೈಲು ತಯಾರಿಕೆ ಮುಹಮ್ಮದನ ಹೊಣೆ, ಬರಹ ಮತ್ತು ಅಲಂಕಾರ ಅಬು ಜೈದ್‌ನ ಹೊಣೆ ಎಂದು ಊಹಿಸುವವರಿದ್ದಾರೆ. ಸೊಗಸಾದ ಊಹೆ ಅದು. ಆ ಮನೆತನದ ಮುಂದಿನ ಕೆಲಸಗಳಲ್ಲಿ ಹಾಗೆ ಕೆಲಸ ಹಂಚಿಕೊಂಡದ್ದಕ್ಕೆ ಪುರಾವೆಯೂ ಇದೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಮನೆತನದಿಂದ ಇನ್ನೊಂದು ಅಪರೂಪದ ಉಪಕಾರವಾಯಿತು. ಯೂಸುಫನ ತಮ್ಮನೋ ಅಣ್ಣನೋ ಆದ ಅಬುಲ್ ಕಾಸಿಂ ಕುಂಬಾರಿಕೆ ಬಿಟ್ಟು ಆಗ ಇರಾನನ್ನು ಆಳುತ್ತಿದ್ದ ಮಂಗೋಲ್ ಇಲ್ಖಾನರ ಆಸ್ಥಾನದಲ್ಲಿ ಇತಿಹಾಸಕಾರನಾದ. ರತ್ನ ಮತ್ತು ಸುಗಂಧಗಳ ಬಗ್ಗೆ ಅವನು 1301ರಲ್ಲಿ ಬರೆದ ಗ್ರಂಥದ ಕೊನೆಗೆ ತನ್ನ ಮನೆಯವರ ವಿದ್ಯೆಯನ್ನು ಒಂದು ಅಧ್ಯಾಯವಾಗಿ ಸೇರಿಸಿದ. ಹತ್ತು ಪಾಲು ಬೆಣಚುಪುಡಿಗೆ ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿ ಜೇಡಿ ಎಂಬ ಅಳತೆ ನಮಗೆ ಅವನಿಂದಲೇ ತಿಳಿದದ್ದು. ಕೋಬಾಲ್ಟ್ ಸಿಗುವುದು ಕಾಶಾನಿನ ಹತ್ತಿರದ ಕಮ್ಸರ್ ಹಳ್ಳಿಯಲ್ಲಿ ಎಂದೂ, ಲಸ್ಟರ್ ಬಳಿದ ಪಾತ್ರೆಗಳಿಗೆ ಅದಕ್ಕೆಂದೇ ಕಟ್ಟಿದ ಎರಡನೇ ಆವಿಗೆಯಲ್ಲಿ 72 ಗಂಟೆ ತೆಳುಹೊಗೆ ಕೊಡಬೇಕೆಂದೂ ಬರೆದಿದ್ದಾನೆ. ಸರಿಯಾಗಿ ಬೆಂದದ್ದು ಕೆಂಪು ಚಿನ್ನದಂತೆ, ಸೂರ್ಯನ ಬೆಳಕಿನಂತೆ ಹೊಳೆಯುತ್ತದೆ ಎಂದು ಅವನು ಹೇಳುವಾಗ ಆವಿಗೆ ತೆರೆಯುವುದನ್ನು ಚಿಕ್ಕಂದಿನಿಂದ ನೋಡಿದವನ ಹೆಮ್ಮೆ ಕಾಣುತ್ತದೆ. ಸಹಿಗಳಲ್ಲಿ ಬರೀ ಹೆಸರಾಗಿ ಉಳಿಯಬಹುದಾಗಿದ್ದ ಮನೆಯೊಂದು ಈ ಅಧ್ಯಾಯದಿಂದಾಗಿ ತನ್ನ ಅಳತೆ, ಕಾಲ, ಬೆಂಕಿಯ ಲೆಕ್ಕಗಳ ಸಮೇತ ನಮಗೆ ಪರಿಚಯವಾಗಿದೆ.

ಊರಿನ ಹೆಸರು ಹೊತ್ತವರು

ಹೆಸರಿನ ಕೊನೆಯಲ್ಲಿ ಬರುವ ಊರು ಸಹಿಗಳಲ್ಲಿ ಬಹಳ ಉಪಯುಕ್ತ ಭಾಗ, ಅಷ್ಟೇ ಜಾರಿಸುವ ಭಾಗ ಕೂಡ. ಬಸ್ರಾದಲ್ಲೇ ಇರುವವನಿಗೆ ‘ಬಸ್ರಾದವನು’ ಎಂದು ಬರೆದುಕೊಳ್ಳುವ ತುರ್ತು ಇರುವುದಿಲ್ಲ. ಹಾಗಾಗಿ ಊರಿನ ಹೆಸರು ಕಂಡರೆ ಪಾತ್ರೆ ಆ ಊರಿನಲ್ಲೇ ಆಯಿತೆಂದು ತೀರ್ಮಾನಿಸಲಾಗದು. ಹುಟ್ಟಿದ ಊರೋ, ವಿದ್ಯೆ ಕಲಿತ ಊರೋ, ಅಜ್ಜನ ಊರೋ ಇರಬಹುದು. ಕುವೈತಿನ ಅಲ್-ಸಬಾಹ್ ಸಂಗ್ರಹದ 13ನೇ ಶತಮಾನದ ಒಂದು ನೀಲಿ ಜಾಡಿ ಮಾತ್ರ ಯಾವ ಅನುಮಾನಕ್ಕೂ ಜಾಗ ಕೊಡುವುದಿಲ್ಲ. ಅಲೆಕ್ಸಾಂಡ್ರಿಯಾದ ಅಸದ್‌ನಿಗಾಗಿ, ದಮಾಸ್ಕಸ್ಸಿನಲ್ಲಿ, ಯೂಸುಫನ ಕೆಲಸ ಎಂದು ಲಸ್ಟರಿನಲ್ಲಿ ಬರೆದಿದೆ. ಮಾಡಿದವನು, ಮಾಡಿದ ಊರು, ಮಾಡಿಸಿದವನು ಮೂವರೂ ಒಂದೇ ಸಾಲಿನಲ್ಲಿ. ಸಿರಿಯಾದ ಲಸ್ಟರ್ ಬಗ್ಗೆ ಮಾತಾಡುವವರೆಲ್ಲ ಈ ಜಾಡಿಯ ಬಳಿಗೆ ಬರುವುದು ಇದಕ್ಕೇ.

15ನೇ ಶತಮಾನದ ಗೈಬಿ ಅಲ್-ತೌರೀಜಿಯ ಕಥೆ ಇದಕ್ಕೆ ತದ್ವಿರುದ್ಧ. ತೌರೀಜ್ ಎಂದರೆ ಇರಾನಿನ ತಬ್ರೀಜ್. ದಮಾಸ್ಕಸ್ಸಿನಲ್ಲಿ 1423ರ ಘರ್ಸುದ್ದೀನ್ ಅಲ್-ತೌರೀಜಿ ಸಮಾಧಿ ಕಟ್ಟಡದ ಟೈಲಿನ ಮೇಲೆ ಗೈಬಿ ತೌರೀಜಿಯ ಕೆಲಸವೆಂಬ ಸಹಿ ಇದೆ. ಕೈರೋದ ಹಳೆಯ ಭಾಗವಾದ ಫುಸ್ತಾತಿನ ಕಸದ ದಿಬ್ಬಗಳಲ್ಲಿ ಅದೇ ಹೆಸರು ಬರೆದ ಬೋಕಿಗಳು ರಾಶಿ ರಾಶಿ ಸಿಕ್ಕಿವೆ. ಒಂದರ ಮೇಲೆ ‘ಅಲ್-ಶಾಮಿ’, ಅಂದರೆ ಸಿರಿಯಾದವನು, ಎಂದೂ ಇದೆ. ತಬ್ರೀಜಿನಿಂದ ಹೊರಟು ದಮಾಸ್ಕಸ್ಸಿನ ಮೂಲಕ ಕೈರೋ ಸೇರಿದ ದಾರಿ ಆ ಉಪನಾಮಗಳಲ್ಲೇ ಇದೆ ಎಂದು ಹಲವರು ಓದುತ್ತಾರೆ. ತಬ್ರೀಜಿನವರು ಆ ಶತಮಾನದಲ್ಲಿ ದೂರ ದೂರ ಹೋಗಿದ್ದಂತೂ ಖಚಿತ. ತುರ್ಕಿಯ ಬುರ್ಸಾದ ಹಸಿರು ಮಸೀದಿಯಲ್ಲಿ ಪ್ರಾರ್ಥನೆಯ ದಿಕ್ಕು ತೋರುವ ಮಿಹ್ರಾಬಿನ ಮೇಲೆ ‘ತಬ್ರೀಜಿನ ಉಸ್ತಾದರ ಕೆಲಸ’ ಎಂದು ಯಾರ ಹೆಸರೂ ಹೇಳದೆ ಇಡೀ ತಂಡದ ಸಹಿ ಇದೆ. ಇರಾನಿನ ಟೈಲಿನ ವಿದ್ಯೆ ಅದೇ ಶತಮಾನದಲ್ಲಿ ನಮ್ಮ ಬೀದರಿಗೂ ಬಂತು. 1472ರಲ್ಲಿ ಎದ್ದ ಮದರಸಾದ ಗೋಡೆಯ ಬಣ್ಣದ ಟೈಲುಗಳು ಆ ಪರಂಪರೆಯವೇ, ಕಟ್ಟಿಸಿದ ಮಹಮೂದ್ ಗವಾನ್ ಕೂಡ ಇರಾನಿನ ಗೀಲಾನಿನಿಂದ ಬಂದವನು.

ಗೈಬಿಯ ಸಹಿ ಇರುವುದು ಪಾತ್ರೆಯ ತಳದ ಹೊರಮೈಯಲ್ಲಿ, ಮೆರುಗಿನ ಕೆಳಗೆ, ದಪ್ಪ ಅಕ್ಷರದಲ್ಲಿ. ಒಳಗೆ ಚೀನೀ ಪಿಂಗಾಣಿಯನ್ನು ಅನುಕರಿಸಿದ ನೀಲಿ ಹೂಬಳ್ಳಿ. ಬೋಕಿಗಳನ್ನು ಸಾಲಾಗಿ ಇಟ್ಟರೆ ಒಂದೇ ಹೆಸರನ್ನು ಹಲವು ಕೈಗಳು ಬರೆದಿರುವುದು ಎದ್ದು ಕಾಣುತ್ತದೆ. ಚಿತ್ರದ ಗುಣಮಟ್ಟವೂ ಒಂದೇ ಸಮನಾಗಿಲ್ಲ. ಅವನ ಮಗನೂ ‘ಇಬ್ನ್ ಅಲ್-ಗೈಬಿ ಅಲ್-ತೌರೀಜಿ’ ಎಂದು ಸಹಿ ಹಾಕಿದ ಮಸೀದಿಯ ದೀಪವೊಂದು ಮೆಟ್ರೊಪಾಲಿಟನ್ನಿನಲ್ಲಿದೆ. ಅಪ್ಪನ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಇದ್ದಾಗಲೇ ಮಗ ಹಾಗೆ ಬರೆದುಕೊಳ್ಳುತ್ತಾನೆ. ಆ ದಶಕಗಳಲ್ಲಿ ಕೈರೋದ ಬೇರೆ ಕುಂಬಾರರೂ, ಅಲ್-ಶಾಮಿ, ಅಲ್-ಅಜಮಿ, ಅಲ್-ಹುರ್ಮುಜಿ ಎಂಬ ಹೆಸರಿನವರು, ಹೀಗೆಯೇ ತಳದ ಮೇಲೆ ಸಹಿ ಹಾಕುತ್ತಿದ್ದರು. ಹಲವು ಮನೆಯವರು ಒಂದೇ ಆವಿಗೆಯನ್ನು ಹಂಚಿಕೊಂಡಾಗ ಯಾರ ಪಾತ್ರೆ ಯಾರದೆಂದು ತಿಳಿಯಲು ಹಾಕಿದ ಗುರುತು ಇದು ಎನ್ನುವ ವಿವರಣೆ ಒಂದಿದೆ. ಅಷ್ಟಕ್ಕೇ ಆದರೆ ಒಂದು ಚುಕ್ಕೆಯೋ ಗೀಟೋ ಸಾಕಿತ್ತು. ಊರಿನ ಹೆಸರಿನ ಸಮೇತ, ಕೊಳ್ಳುವವನು ಮಗುಚಿ ನೋಡುವ ಜಾಗದಲ್ಲಿ, ಸುಂದರವಾಗಿ ಬರೆದಿರುವುದನ್ನು ನೋಡಿದರೆ ಅದು ಕೊಳ್ಳುವವನ ಕಣ್ಣಿಗೆ ಬರೆದದ್ದೆಂದೇ ನನ್ನ ಅಭಿಪ್ರಾಯ.

ಸಹಿಗೆ ಬೆಲೆ ಬಂದ ಮೇಲೆ

20ನೇ ಶತಮಾನದ ಕಲಾ ಮಾರುಕಟ್ಟೆಯಲ್ಲಿ ಸಹಿ, ಇಸವಿ ಇರುವ ಬಟ್ಟಲಿಗೆ ಸಹಿಯಿಲ್ಲದ್ದಕ್ಕಿಂತ ಹೆಚ್ಚಿನ ಬೆಲೆ. ನೆಲದಿಂದ ಸಿಗುವುದು ಹೆಚ್ಚಾಗಿ ಒಡೆದ ಚೂರುಗಳೇ. ಅವನ್ನು ಅಂಟಿಸುವವರು ಒಂದು ಬಟ್ಟಲಿನಲ್ಲಿ ಕಳೆದುಹೋದ ಜಾಗಕ್ಕೆ ಇನ್ನೊಂದು ಬಟ್ಟಲಿನ ಚೂರನ್ನು ತೇಯ್ದು ಕೂರಿಸಿದ್ದುಂಟು, ಬಿರುಕು ಮುಚ್ಚಲು ಮೇಲೆ ಹೊಸ ಬಣ್ಣ ಬಳಿದದ್ದುಂಟು. ಮೀನಾಯಿ ಬಟ್ಟಲುಗಳಲ್ಲಿ ಇದು ವಿಪರೀತ. ಹೀಗಿರುವಾಗ ಅಂಚಿನ ಚೂರಿನ ಮೇಲಿನ ಹೆಸರು ನಡುವಿನ ಚಿತ್ರಕ್ಕೆ ಸೇರಿದ್ದೆಂದು ಕಣ್ಣು ಮುಚ್ಚಿ ನಂಬಲಾಗದು. ನೇರಳಾತೀತ ಬೆಳಕಿನಲ್ಲಿ ಹಿಡಿದರೆ ಹೊಸ ಬಣ್ಣ ಬೇರೆಯಾಗಿ ಹೊಳೆದು ಸಿಕ್ಕಿಬೀಳುತ್ತದೆ, ಎಕ್ಸ್-ರೇಯಲ್ಲಿ ಜೋಡಣೆಯ ಗೆರೆಗಳು ಕಾಣುತ್ತವೆ. ಮ್ಯೂಸಿಯಮ್ಮುಗಳು ಹಳೆಯ ದುರಸ್ತಿಗಳನ್ನು ಬಿಚ್ಚಿ ನೋಡಲು ಶುರುಮಾಡಿದ ಮೇಲೆ ಎಷ್ಟೋ ‘ಇಡೀ’ ಪಾತ್ರೆಗಳು ಮತ್ತೆ ಚೂರುಗಳಾಗಿವೆ. ಇದನ್ನು ನಷ್ಟ ಎಂದು ನಾನು ಭಾವಿಸುವುದಿಲ್ಲ. ನಿಜವಾದ ಚೂರು ಸುಳ್ಳು ಬಟ್ಟಲಿಗಿಂತ ಹೆಚ್ಚು ಹೇಳುತ್ತದೆ.

ಟೈಲುಗಳ ಪಾಡು ಇನ್ನೂ ಸಂಕಟದ್ದು. ಟೆಹರಾನಿನ ಹತ್ತಿರದ ವರಾಮಿನ್‌ನಲ್ಲಿ ಇಮಾಂಜಾದಾ ಯಹ್ಯಾ ಎಂಬ ಸಮಾಧಿ ಇದೆ. ಅದರ ಒಳಗೋಡೆಗಳನ್ನು 1262ರ ಹೊತ್ತಿಗೆ ನಕ್ಷತ್ರ ಮತ್ತು ಶಿಲುಬೆಯ ಆಕಾರದ ಲಸ್ಟರ್ ಟೈಲುಗಳಿಂದ ಹೊದಿಸಿದ್ದರು. ಅವು ಕಿತ್ತುಹೋಗಿ ಈಗ ಜಗತ್ತಿನ ಹತ್ತಾರು ಮ್ಯೂಸಿಯಮ್ಮುಗಳಲ್ಲಿ ಚದುರಿವೆ. ಬಿಡಿ ಟೈಲಿನ ಮೇಲೆ ಹೆಚ್ಚೆಂದರೆ ಇಸವಿ, ಕುರಾನಿನ ಸಾಲು ಇರುತ್ತದೆ, ಕಟ್ಟಡದ ಹೆಸರು ಇರುವುದಿಲ್ಲ. ಅಲ್ಲಿನ ದೊಡ್ಡ ಮಿಹ್ರಾಬಿನಲ್ಲಿ ಮಾತ್ರ 1265ರ ಇಸವಿಯೊಡನೆ ಮಾಡಿದವನ ಹೆಸರಿದೆ: ಅಲಿ ಇಬ್ನ್ ಮುಹಮ್ಮದ್ ಇಬ್ನ್ ಅಬಿ ತಾಹಿರ್. ಅದೇ ಕಾಶಾನಿನ ಮನೆತನದ ಮೂರನೇ ತಲೆಮಾರು. ನಲವತ್ತು ವರ್ಷ ಕಳೆದು, 1305ರಲ್ಲಿ, ಆ ಸಮಾಧಿಗೇ ಹೊದಿಸಲು ಮಾಡಿದ ಲಸ್ಟರ್ ಫಲಕದ ಮೇಲೆ ಎರಡು ಹೆಸರುಗಳಿವೆ. ತಯಾರಿಸಿದವನು ಅಲಿಯ ಮಗ ಯೂಸುಫ್, ಅಕ್ಷರ ಬರೆದವನು ಅಲಿ ಇಬ್ನ್ ಅಹ್ಮದ್ ಅಲ್-ಹುಸೈನಿ. ಕೆಲಸ ಹಂಚಿಕೊಂಡದ್ದಕ್ಕೆ ಮೇಲೆ ಹೇಳಿದ ಪುರಾವೆ ಇದೇ. ಒಬ್ಬ ಟೈಲು ಮಾಡಿದ, ಇನ್ನೊಬ್ಬ ಬರೆದ, ಇಬ್ಬರೂ ತಮ್ಮ ತಮ್ಮ ಪಾಲಿಗೆ ಸಹಿ ಹಾಕಿದರು.

ಮಿಹ್ರಾಬು ಈಗ ಹೊನೊಲುಲುವಿನಲ್ಲಿ, ಡೋರಿಸ್ ಡ್ಯೂಕ್ ಎಂಬ ಅಮೆರಿಕನ್ ಸಿರಿವಂತೆ ಕಟ್ಟಿಸಿದ ಶಾಂಗ್ರಿ-ಲಾ ಬಂಗಲೆಯಲ್ಲಿದೆ. ಫಲಕ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜಿನಲ್ಲಿದೆ. ಅಪ್ಪನ ಕೆಲಸ ಶಾಂತ ಸಾಗರದ ನಡುವಿನ ದ್ವೀಪದಲ್ಲಿ, ಮಗನದ್ದು ರಷ್ಯಾದಲ್ಲಿ, ಕಟ್ಟಡ ಇರಾನಿನಲ್ಲಿ. ಇವೆರಡರ ಪಕ್ಕದ ಚೀಟಿಯಲ್ಲಿ ಕುಂಬಾರನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ವರಾಮಿನ್‌ನ ಹೆಸರೂ ಇರಬೇಕು, ಇನ್ನೊಂದು ತುಂಡು ಎಲ್ಲಿದೆ ಎಂಬುದೂ ಇರಬೇಕು. ಅಪ್ಪ-ಮಗ ಇಬ್ಬರೂ ದುಡಿದದ್ದು ಒಂದೇ ಸಮಾಧಿಗೆ, ನಲವತ್ತು ವರ್ಷಗಳ ಅಂತರದಲ್ಲಿ, ಎಂಬುದು ಆ ಎರಡು ಸಹಿಗಳನ್ನು ಒಟ್ಟಿಗೆ ಓದಿದವರಿಗೆ ಮಾತ್ರ ತಿಳಿಯುತ್ತದೆ.